ವೇಗಕ್ಕೆ ತಕ್ಕಂತೆ ಬದಲಾಗುವ ಸ್ಟೀರಿಂಗ್: ಅರಿಯುವುದು, ಪರೀಕ್ಷಿಸುವುದು ಹೇಗೆ?

ಷೋರೂಮಿನಲ್ಲಿ ನಿಂತ ಕಾರಿನ ಸ್ಟೀರಿಂಗನ್ನು ಒಂದೇ ಕೈಯಲ್ಲಿ ತಿರುಗಿಸಿ ‘ಬೆಣ್ಣೆಯಂತಿದೆ’ ಎಂದು ಮೆಚ್ಚುವವರು ಅರ್ಧ ಪರೀಕ್ಷೆಯನ್ನಷ್ಟೇ ಮಾಡಿರುತ್ತಾರೆ. ಅದೇ ಸ್ಟೀರಿಂಗ್ ಗಂಟೆಗೆ 80 ಕಿ.ಮೀ. ವೇಗದಲ್ಲಿ ಬಿಗಿಯಾಗುತ್ತದೆಯೇ ಎಂಬುದು ಉಳಿದರ್ಧ.

ನಿಂತ ಕಾರಿನ ಟೈರು ಉರುಳದೆ ನೆಲವನ್ನು ಉಜ್ಜುತ್ತಲೇ ಹೊರಳಬೇಕಾಗುವುದರಿಂದ ಅದಕ್ಕೆ ಹೆಚ್ಚು ಬಲ ಬೇಕು; ಉರುಳುವಾಗ ಅಷ್ಟು ಬೇಡ. ಈ ಬಲಕ್ಕೆ ಪವರ್ ಸ್ಟೀರಿಂಗ್ ನೆರವಾಗುತ್ತದೆ. ಹೆದ್ದಾರಿಯಲ್ಲೂ ಅಷ್ಟೇ ನೆರವು ಸಿಕ್ಕರೆ ಕೈಯ ಸಣ್ಣ ಅಲುಗಾಟಕ್ಕೂ ಕಾರು ಪಕ್ಕಕ್ಕೆ ಸರಿಯುತ್ತದೆ. ಮೋಟರಿನಿಂದ ಈ ನೆರವು ಕೊಡುವ ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್‌ನಲ್ಲಿ ಸಾಮಾನ್ಯವಾಗಿ ಟಾರ್ಷನ್ ಬಾರ್ ಎಂಬ ತೆಳುವಾದ ಉಕ್ಕಿನ ಸರಳು ಇರುತ್ತದೆ. ನೀವು ಸ್ಟೀರಿಂಗ್ ತಿರುಗಿಸಿದೊಡನೆ ಅದು ಕೆಲವೇ ಡಿಗ್ರಿಯಷ್ಟು ತಿರುಚಿಕೊಳ್ಳುತ್ತದೆ. ಆ ತಿರುಚನ್ನು ಟಾರ್ಕ್ ಸೆನ್ಸರ್ ಅಳೆಯುತ್ತದೆ, ಅದರ ಜೊತೆಗೆ ಕಾರಿನ ವೇಗವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮೋಟರಿಗೆ ಎಷ್ಟು ಕರೆಂಟ್ ಹರಿಸಬೇಕೆಂದು ಇಸಿಯು ಎಂಬ ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದೆ. ವೇಗ ಏರಿದಂತೆ ಆ ಕರೆಂಟ್ ಇಳಿಯುತ್ತದೆ, ಸ್ಟೀರಿಂಗ್ ಕೈಗೆ ಬಿಗಿಯೆನಿಸುತ್ತದೆ.

ಅನುಪಾತವೇ, ಅಂದರೆ ಸ್ಟೀರಿಂಗ್ ಎಷ್ಟು ತಿರುಗಿದರೆ ಚಕ್ರ ಎಷ್ಟು ಹೊರಳುತ್ತದೆ ಎಂಬ ಲೆಕ್ಕವೇ, ಬದಲಾಗುವ ಸ್ಟೀರಿಂಗ್ ಬೇರೆಯದು. ಜಾಹೀರಾತುಗಳು ಇವೆರಡನ್ನೂ ಕಲಸಿಬಿಡುವುದುಂಟು. 2003ರಲ್ಲಿ ಬಿಎಂಡಬ್ಲ್ಯು 5 ಸೀರೀಸ್‌ನಲ್ಲಿ ಬಂದ ಆಕ್ಟಿವ್ ಸ್ಟೀರಿಂಗ್, ಪ್ಲಾನೆಟರಿ ಗೇರಿನ (ನಡುವಿನ ಹಲ್ಲುಚಕ್ರದ ಸುತ್ತ ಪುಟ್ಟ ಹಲ್ಲುಚಕ್ರಗಳು ಸುತ್ತುವ ಜೋಡಣೆ) ಮೂಲಕ ಈ ಅನುಪಾತವನ್ನು ನಿಧಾನ ವೇಗದಲ್ಲಿ ಸುಮಾರು 10:1ಕ್ಕೂ ಹೆಚ್ಚಿನ ವೇಗದಲ್ಲಿ ಸುಮಾರು 20:1ಕ್ಕೂ ಒಯ್ಯುತ್ತಿತ್ತು. ಸ್ಟೀರಿಂಗನ್ನು 90 ಡಿಗ್ರಿ ತಿರುಗಿಸಿದರೆ ಚಕ್ರಗಳು ಮೊದಲನೆಯದರಲ್ಲಿ 9 ಡಿಗ್ರಿ, ಎರಡನೆಯದರಲ್ಲಿ ನಾಲ್ಕೂವರೆ ಡಿಗ್ರಿ ಹೊರಳುತ್ತವೆ. ನಮ್ಮ ರಸ್ತೆಯ ಬಹುಪಾಲು ಕಾರುಗಳಲ್ಲಿ ಬದಲಾಗುವುದು ನೆರವು ಮಾತ್ರ, ಅನುಪಾತವಲ್ಲ.

ನಿಮ್ಮ ಕಾರನ್ನು ಪರೀಕ್ಷಿಸುವ ಮೊದಲು ನಾಲ್ಕೂ ಟೈರುಗಳ ಗಾಳಿಯನ್ನು ಸರಿಪಡಿಸಿಕೊಳ್ಳಿ. ಗಾಳಿ ಕಡಿಮೆಯಿದ್ದರೆ ಸ್ಟೀರಿಂಗ್ ಹೇಗೂ ಭಾರವಾಗುತ್ತದೆ. ಖಾಲಿ ಮೈದಾನದಲ್ಲಿ ಎಂಜಿನ್ ಚಾಲೂ ಮಾಡಿ, ನಿಂತಲ್ಲೇ ಸ್ಟೀರಿಂಗನ್ನು ಎರಡೂ ಕಡೆಗೆ ಅರ್ಧ ಸುತ್ತು ತಿರುಗಿಸಿ, ಬೇಕಾದ ಬಲವನ್ನು ನೆನಪಿಟ್ಟುಕೊಳ್ಳಿ. ಬಳಿಕ ವಾಹನಗಳಿಲ್ಲದ ನೇರ ರಸ್ತೆಯಲ್ಲಿ 40ರಲ್ಲೊಮ್ಮೆ, ವೇಗಮಿತಿ ಅನುಮತಿಸಿದರೆ 80ರಲ್ಲೊಮ್ಮೆ, ಎರಡೂ ಕೈಗಳಿಂದ ಹಿಡಿದು ಒಂದು ಬೆರಳಿನ ಅಗಲದಷ್ಟು ಮಾತ್ರ ಅಲುಗಿಸಿ ನೋಡಿ. ಕೈಗೆ ಎದುರೊತ್ತು ಹೆಚ್ಚಿದಂತೆ ಅನಿಸಬೇಕು. ಕೆಲವು ಕಾರುಗಳಲ್ಲಿ ಈ ವ್ಯತ್ಯಾಸ ತೀರಾ ಸೂಕ್ಷ್ಮವಾಗಿರುತ್ತದೆ, ಅದು ದೋಷವಲ್ಲ.

ಪಾರ್ಕಿಂಗ್ ಮಾಡುವಾಗ ಸ್ಟೀರಿಂಗನ್ನು ತುದಿಯವರೆಗೆ ತಿರುಗಿಸಿ ಹಾಗೇ ಒತ್ತಿ ಹಿಡಿಯಬೇಡಿ. ಮೋಟರ್ ಕಾದರೆ ಇಸಿಯು ನೆರವನ್ನು ತಾನಾಗಿಯೇ ತಗ್ಗಿಸುತ್ತದೆ, ತಣಿದ ಮೇಲೆ ಮರಳಿ ಕೊಡುತ್ತದೆ. ಆದರೆ ಸ್ಟೀರಿಂಗ್ ಚಿತ್ರವಿರುವ ಎಚ್ಚರಿಕೆಯ ದೀಪ ಹೊತ್ತಿಕೊಂಡು ಸ್ಟೀರಿಂಗ್ ಗಡುಸಾದರೆ ಗಾಬರಿಪಟ್ಟು ಸಟ್ಟನೆ ಎಳೆಯದೆ, ವೇಗ ತಗ್ಗಿಸಿ, ಎರಡೂ ಕೈಗಳಿಂದ ಗಟ್ಟಿಯಾಗಿ ತಿರುಗಿಸುತ್ತಾ ಕಾರನ್ನು ಬದಿಗೆ ತನ್ನಿ: ಇಂಥ ಕಾರುಗಳಲ್ಲಿ ಮೋಟರ್ ನಿಂತರೂ ಸ್ಟೀರಿಂಗ್‌ಗೂ ಚಕ್ರಗಳಿಗೂ ಇರುವ ಕಬ್ಬಿಣದ ಕೊಂಡಿ ಹಾಗೆಯೇ ಇರುತ್ತದೆ.