ಕ್ರಿಸ್‌ಮಸ್ ಹಿಂದಿನ ಜಡಿ ಮಳೇಲಿ ಭತ್ತ, ರಾಗಿ ಉಳಿಸ್ಕೊಳ್ಳೋದು ಹೆಂಗೆ

ಕ್ರಿಸ್‌ಮಸ್ ಹತ್ರ ಬಂತು ಅಂದ್ರೆ ಮೈಸೂರಲ್ಲಿ ಫಿಲೋಮಿನಾ ಚರ್ಚ್ ಲೈಟಿಂಗು, ಅರಮನೆ ಹೂವಿನ ಪ್ರದರ್ಶನ ಅಂತ ಜನ ಓಡಾಡ್ತಿರ್ತಾರೆ, ಅದೇ ಹೊತ್ತಿಗೆ ಮಂಡ್ಯ ಕಡೆ ನಾಲೆ ಬಯಲಲ್ಲಿ ಕೊಯ್ಲು. ಜುಲೈ ಕೊನೆ, ಆಗಸ್ಟಲ್ಲಿ ನಾಟಿ ಹಾಕಿದ ಭತ್ತ ಹಣ್ಣಾಗಿ ನಿಂತಿರುತ್ತೆ, ಹೊಲದ ಕಡೆ ರಾಗಿ ಕೊಯ್ದು ಅರಿ ಬಿಟ್ಟಿರ್ತಾರೆ, ಅಂದ್ರೆ ಒಣಗೋಕೆ ಸಾಲಾಗಿ ಹಾಕಿರ್ತಾರೆ, ಆಗ್ಲೇ ಬಂಗಾಳ ಕೊಲ್ಲೀಲಿ ವಾಯುಭಾರ ಕುಸಿತ ಅಂತ ಸುದ್ದಿ ಬರುತ್ತೆ. 2022ರಲ್ಲಿ ಮಾಂಡೌಸ್ ಸೈಕ್ಲೋನ್ ಡಿಸೆಂಬರ್ 9ರ ರಾತ್ರಿ ಮಹಾಬಲಿಪುರದ ಹತ್ರ ದಡ ಹತ್ತಿತು, 2024ರಲ್ಲಿ ಫೆಂಗಲ್ ನವೆಂಬರ್ 30ಕ್ಕೆ ಪುದುಚೇರಿ ಹತ್ರ. ಅಲ್ಲಿ ದಡ ಹತ್ತಿದ್ದು ಬಲ ಕಳ್ಕೊಂಡು ಒಳನಾಡಿಗೆ ಬರೋ ಹೊತ್ತಿಗೆ ಬಿರುಗಾಳಿ ಇರಲ್ಲ, ಬರೀ ಮೋಡ, ಮೂಡಗಾಳಿ, ಬಿಟ್ಟೂ ಬಿಟ್ಟೂ ಸೋನೆ.

ಈ ಮಳೆ ಗುಣ ಮೊದ್ಲು ತಿಳ್ಕೊಳ್ಳಿ. ಸುರಿಯೋ ನೀರು ಕಮ್ಮಿನೇ, ಆದ್ರೆ ಎರಡು ಮೂರು ದಿನ ಬಿಸಿಲಿನ ಮುಖ ಕಾಣಲ್ಲ. ಮೋಡ ಕಂಬಳಿ ಹೊದಿಸಿದ ಹಂಗೆ ನೆಲದ ಬಿಸಿ ಹಿಡಿದಿಟ್ಟುಕೊಳ್ಳುತ್ತೆ, ಅದಕ್ಕೆ 15-16 ಡಿಗ್ರಿಗೆ ಇಳಿಬೇಕಾದ ರಾತ್ರಿ 19-20ರಲ್ಲೇ ನಿಲ್ಲುತ್ತೆ, ಚಳಿ ಇಲ್ಲ ಅಂತ ನಮಗೆ ಹಿತ ಅನ್ಸುತ್ತೆ. ಬೂಷ್ಟಿಗೂ ಮೊಳಕೆಗೂ ಇದೇ ಹಿತ. ಕೊಯ್ಲಿನ ಹೊತ್ತಲ್ಲಿ ಭತ್ತದಲ್ಲಿ 20ರಿಂದ 24 ಪರ್ಸೆಂಟ್ ತೇವ ಇರುತ್ತೆ, ರಾಶಿಯೊಳಗೆ ಕಾಳು ಇನ್ನೂ ಉಸಿರಾಡ್ತಾನೇ ಇರುತ್ತೆ, ಗಾಳಿ ಆಡದಿದ್ರೆ ಒಳಗೇ ಬಿಸಿ ಏರುತ್ತೆ. ಮೇಲಿಂದ ಬಿದ್ದ ಹನಿಗಿಂತ ಒಳಗೆ ಕಟ್ಕೊಂಡ ಈ ಕಾವು ಹೆಚ್ಚು ಹಾಳು ಮಾಡುತ್ತೆ ಅನ್ನೋದು ನನ್ನ ಖಚಿತ ಅಭಿಪ್ರಾಯ, ಮುಂದೆ ಹೇಳೋದೆಲ್ಲಾ ಇದರ ಮೇಲೇನೇ.

ಕೊಯ್ಯೋದಾ ಬಿಡೋದಾ ಅನ್ನೋದು ಮೊದಲ ಪ್ರಶ್ನೆ. ಹವಾಮಾನ ಇಲಾಖೆ ಮಂಗಳವಾರ, ಶುಕ್ರವಾರ ಜಿಲ್ಲಾವಾರು ಕೃಷಿ ಬುಲೆಟಿನ್ ಬಿಡುತ್ತೆ, ಮೇಘದೂತ್ ಆ್ಯಪಲ್ಲಿ ಕನ್ನಡದಲ್ಲೇ ಸಿಗುತ್ತೆ, ಅದರಲ್ಲಿ ಮುಂದಿನ ಐದು ದಿನ ನೋಡಿ. ಮಳೆ ಇನ್ನೂ ಮೂರ್ನಾಲ್ಕು ದಿನ ದೂರ ಇದೆ, ಭತ್ತ ಪೂರ್ತಿ ಹಣ್ಣಾಗಿದೆ, ಕೊಯ್ಲು ಮಷೀನೂ ಸಿಗುತ್ತೆ ಅಂದ್ರೆ ಹೊಡೆಸಿಬಿಡಿ. ನಾಳೆನೇ ಮಳೆ ಅಂದ್ರೆ ಮುಟ್ಟಬೇಡಿ. ಗಾಬರೀಲಿ ಕೊಯ್ದು ಗದ್ದೇಲಿ ಮಲಗಿಸಿದ ತೆನೆ ಒದ್ದೆ ನೆಲಕ್ಕೆ ತಾಗಿ ಬೇಗ ಮೊಳೆಯುತ್ತೆ, ನಿಂತ ಪೈರು ಸೋನೆಗೆ ನೆನೆದ್ರೂ ಗಾಳಿಗೆ ಆರ್ಕೊಳ್ಳುತ್ತೆ. ಕೊಯ್ಲಿಗೆ ಹತ್ತು ಹದಿನೈದು ದಿನ ಮುಂಚೆನೇ ಗದ್ದೆಗೆ ನೀರು ನಿಲ್ಲಿಸಿರಬೇಕು, ಇನ್ನೂ ನಿಂತಿದ್ರೆ ಇವತ್ತೇ ಬದ ಕಡಿದು ಹೊರಗೆ ಬಿಡಿ.

ಪೈರು ಬಿದ್ದೋಗಿ ತೆನೆ ನೆನೀತಿದ್ರೆ ಒಂದು ಉಪಾಯ ಇದೆ, ಅಡುಗೆ ಉಪ್ಪು. ಲೀಟರ್ ನೀರಿಗೆ 50 ಗ್ರಾಂ ಉಪ್ಪು ಕರಗಿಸಿ, ಅಂದ್ರೆ 5 ಪರ್ಸೆಂಟ್ ದ್ರಾವಣ, ಮಳೆ ಬಿಟ್ಟ ಹೊತ್ತು ನೋಡಿ ತೆನೆ ಚೆನ್ನಾಗಿ ತೋಯೋ ಹಂಗೆ ಸ್ಪ್ರೇ ಮಾಡಿದ್ರೆ ಮೊಳಕೆ ತಡೆಯುತ್ತೆ. ಬಿತ್ತನೆಗೆ ಇಟ್ಕೊಳ್ಳೋ ತಾಕಿಗೆ ಮಾತ್ರ ಬೇಡ. ಆಮೇಲೆ ನಾಲ್ಕೈದು ಬುಡ ಸೇರಿಸಿ ಎತ್ತಿ ಕಟ್ಟಿ, ತೆನೆ ನೆಲ ಬಿಟ್ರೆ ಸಾಕು, ಕೂಲಿ ಸಿಗದಿದ್ರೆ ನೀರು ನಿಲ್ಲೋ ತಗ್ಗಿನ ಕಡೆಯಾದ್ರೂ ಮಾಡಿ.

ಮಳೆ ಬಿಟ್ಟ ಮೇಲೆ ಹಸಿ ಗದ್ದೆಗೆ ಟೈರ್ ಮಷೀನ್ ಇಳಿಸಿದ್ರೆ ಹೂತ್ಕೊಳ್ಳುತ್ತೆ, ಚೈನ್ ಮಷೀನ್ ಹೇಳಿ, ಬಾಡಿಗೆ ಜಾಸ್ತಿ ಆದ್ರೂ ಸರಿ. ಡ್ರೈವರ್ ಬೆಳಿಗ್ಗೆ ಏಳಕ್ಕೇ ಬಂದು ‘ಹೊಡ್ದುಬಿಡ್ಲಾ ಅಣ್ಣಾ, ಇನ್ನೂ ಎರಡು ಕಡೆ ಹೋಗ್ಬೇಕು’ ಅಂತಾನೆ, ಒಪ್ಕೋಬೇಡಿ. ಮಳೆ ನೀರಿನ ಜತೆ ಧನುರ್ಮಾಸದ ಇಬ್ಬನಿನೂ ಇರುತ್ತೆ, ಎಲೆ ಆರೋದು ಹನ್ನೊಂದರ ಮೇಲೇನೇ. ಒದ್ದೆ ಪೈರಲ್ಲಿ ಮಷೀನ್ ಕಾಳನ್ನ ಸರಿಯಾಗಿ ಬಿಡಿಸಲ್ಲ, ಹುಲ್ಲಿನ ಜತೆ ಹಿಂದಕ್ಕೆ ಹೋಗಿಬಿಡುತ್ತೆ.

ಈಗ ಕಣದ ವಿಷಯ, ಜಾಸ್ತಿ ನಷ್ಟ ಆಗೋದು ಇಲ್ಲೇ. ಸ್ವಲ್ಪ ಎತ್ತರದ ಜಾಗ ನೋಡಿ, ಸುತ್ತ ಒಂದು ಗೇಣು ಆಳದ ಕಾಲುವೆ ತೆಗೀರಿ, ಕೆಳಗೆ ಒಣ ಹುಲ್ಲು ಹಾಕಿ ಅದರ ಮೇಲೆ ಟಾರ್ಪಾಲ್. ಮೇಲೆ ಹೊದಿಸೋ ಟಾರ್ಪಾಲ್ ಕಾಳಿಗೆ ಅಂಟಿ ಕೂರಬಾರದು. ಎರಡು ಕವೆ ನೆಟ್ಟು ನಡುವೆ ಗಳ ಹಾಕಿ ಗುಡಿಸಲಿನ ಸೂರಿನ ಥರ ಇಳಿಬಿಡಿ, ಎರಡು ಬದಿ ಗಾಳಿ ಆಡ್ಲಿ. ಬಿಗಿಯಾಗಿ ಮುಚ್ಚಿ ಕಲ್ಲು ಹೇರಿಟ್ರೆ ಬೆಳಿಗ್ಗೆ ಟಾರ್ಪಾಲಿನ ಒಳಮೈಯಲ್ಲಿ ನೀರಿನ ಹನಿ ಸಾಲಾಗಿ ನೇತಾಡ್ತಿರುತ್ತೆ, ಅದು ಕಾಳಿಂದಲೇ ಎದ್ದ ಹಬೆ, ವಾಪಸ್ ಕಾಳಿನ ಮೇಲೇ ತೊಟ್ಟಿಕ್ಕುತ್ತೆ. ದಿನಕ್ಕೆ ಎರಡು ಸಲ ರಾಶಿಯೊಳಕ್ಕೆ ಮೊಣಕೈವರೆಗೂ ಕೈ ತೂರಿಸಿ ನೋಡಿ. ತಣ್ಣಗಿದ್ರೆ ಸರಿ. ಬೆಚ್ಚಗೆ ತಾಗಿ, ತೆಗೆದ ಕೈಗೆ ಹುಳಿ ವಾಸನೆ ಬಂದ್ರೆ ರಾತ್ರಿ ಹತ್ತು ಗಂಟೆ ಆಗಿದ್ರೂ ರಾಶಿ ಒಡೀಬೇಕು. ಪಡಸಾಲೆ, ಕೊಟ್ಟಿಗೆ, ದೇವಸ್ಥಾನದ ಜಗಲಿ, ಸೂರಿರೋ ಜಾಗ ಎಲ್ಲಿ ಸಿಕ್ಕಿದ್ರೂ ಎರಡು ಮೂರು ಇಂಚಿಗಿಂತ ದಪ್ಪ ಇಲ್ದಂಗೆ ಹರಡಿ ಫ್ಯಾನ್ ಹಾಕಿ, ಗಂಟೆಗೊಂದ್ಸಲ ಕಾಲಲ್ಲೇ ಸಾಲು ಎಳೀರಿ. ಅಷ್ಟು ಜಾಗ ಇಲ್ಲ, ಬಿಸಿಲೂ ಇಲ್ಲ ಅಂದ್ರೆ ಕೊನೇ ದಾರಿ, ಕ್ವಿಂಟಾಲ್ ಭತ್ತಕ್ಕೆ 1 ಕೆಜಿ ಪುಡಿ ಉಪ್ಪು, 20 ಕೆಜಿ ಒಣ ಹೊಟ್ಟು ಬೆರೆಸಿಡಿ, ಹೊಟ್ಟು ತೇವ ಎಳ್ಕೊಳ್ಳುತ್ತೆ, ಬಿಸಿಲು ಬಂದಾಗ ಒಣಗಿಸಿ ತೂರಿದ್ರೆ ಆಯ್ತು.

ರಾಗಿ ಕಥೆ ಸ್ವಲ್ಪ ಸುಲಭ. ಚೆನ್ನಾಗಿ ಒಣಗಿದ್ದನ್ನ ತೆನೆ ಒಳಕ್ಕೆ, ಬುಡ ಹೊರಕ್ಕೆ ಮಾಡಿ ಒಟ್ಟಿದ ಮೆದೆಗೆ ನೆತ್ತಿ ಇಳಿಜಾರಾಗಿದ್ರೆ ಸೋನೆ ಏನೂ ಮಾಡಲ್ಲ, ನೆತ್ತಿ ಮಾತ್ರ ಮುಚ್ಚಿ. ಅರಿಯಲ್ಲಿದ್ದಾಗ ನೆನೆದದ್ದನ್ನ ಹಂಗೇ ಮೆದೆಗೆ ಹಾಕಬೇಡಿ, ಒಳಗೆ ಮುಗ್ಗಿ ಕಾಳು ಕಪ್ಪಾಗುತ್ತೆ, ಹುಲ್ಲು ದನ ಮೂಸಲ್ಲ. ಮಗುಚಿ ಹಾಕಿ, ಒಂದು ದಿನದ ಬಿಸಿಲು ಕಾಯಿರಿ.

ಮೋಡ ಒಡೆದು ಬಿಸಿಲು ಬಂದಾಗ ಆಸೆಗೆ ರಸ್ತೆ ತುಂಬಾ ಹರಡಬೇಡಿ ದಯವಿಟ್ಟು, ಕತ್ತಲಾದ ಮೇಲೆ ಬೈಕಿನವರು ಜಾರಿ ಬೀಳ್ತಾರೆ. ಸಾಯಂಕಾಲ ನಾಲ್ಕೂವರೆಗೆಲ್ಲಾ ಗುಡ್ಡೆ ಮಾಡಿ ಮುಚ್ಚಿ, ಯಾಕಂದ್ರೆ ಒಣಗಿದ ಭತ್ತ ಇಬ್ಬನಿಗೆ ಮತ್ತೆ ನೆನೆದ್ರೆ ಒಳಗಿನ ಅಕ್ಕಿ ಸೀಳುತ್ತೆ, ಮಿಲ್ಲಲ್ಲಿ ಬರೀ ನುಚ್ಚು. ಒಣಗಿದ್ಯಾ ಅಂತ ನೋಡೋಕೆ ಮೀಟರ್ ಇಲ್ದಿದ್ರೆ ಒಣಗಿದ ಗಾಜಿನ ಬಾಟ್ಲಿಗೆ ಒಂದು ಹಿಡಿ ಭತ್ತ, ಎರಡು ಚಮಚ ಒಣ ಪುಡಿ ಉಪ್ಪು ಹಾಕಿ ಮುಚ್ಚಳ ಬಿಗಿದು ಒಂದೆರಡು ನಿಮಿಷ ಕುಲುಕಿ, ಸ್ವಲ್ಪ ಹೊತ್ತು ಬಿಟ್ಟು ನೋಡಿ. ಉಪ್ಪು ಗಾಜಿಗೆ ಅಂಟಿದ್ರೆ ತೇವ 15 ಪರ್ಸೆಂಟಿಗಿಂತ ಜಾಸ್ತಿ ಇದೆ ಅಂತ, ಅಂಟದೇ ಉದುರಿದ್ರೆ ಮೂಟೆ ಕಟ್ಟಬಹುದು. ಬೆಂಬಲ ಬೆಲೆ ಖರೀದಿ ಕೇಂದ್ರದಲ್ಲಿ ಭತ್ತಕ್ಕೆ 17, ರಾಗಿಗೆ 12 ಪರ್ಸೆಂಟ್ ಮಿತಿ, ಮನೇಲಿ ಇಟ್ಕೊಳ್ಳೋ ಭತ್ತಕ್ಕೆ 14ರ ಒಳಗೆ ಇರ್ಲಿ.

ಇಷ್ಟೆಲ್ಲಾ ಮಾಡಿಯೂ ಹೋದ್ರೆ ಫಸಲ್ ಬಿಮಾ, ಅಂದ್ರೆ ಬೆಳೆ ವಿಮೆ, ನೆನಪಿರಲಿ. ಕೊಯ್ದು ಗದ್ದೇಲೇ ಒಣಗೋಕೆ ಬಿಟ್ಟ ಬೆಳೆ 14 ದಿನದೊಳಗೆ ಸೈಕ್ಲೋನ್ ಮಳೆಗೋ ಅಕಾಲಿಕ ಮಳೆಗೋ ಹಾಳಾದ್ರೆ ಪರಿಹಾರ ಕೇಳಬಹುದು, ಕಣದಲ್ಲಿ ಹಾಕಿದ ರಾಶಿಗೆ ಇದು ಬರಲ್ಲ. 72 ಗಂಟೆಯೊಳಗೆ ತಿಳಿಸಬೇಕು, 14447ಕ್ಕೆ ಫೋನ್ ಮಾಡಿ, ಇಲ್ಲಾ ರೈತ ಸಂಪರ್ಕ ಕೇಂದ್ರಕ್ಕೋ ಬ್ಯಾಂಕಿಗೋ ಹೋಗಿ. ಕ್ರಿಸ್‌ಮಸ್ ದಿನ ಆಫೀಸ್ ರಜಾ, ಗಂಟೆ ಮಾತ್ರ ಓಡ್ತಾನೇ ಇರುತ್ತೆ, ಹಂಗಾಗಿ ಬೆಳೆ ಎತ್ತೋ ಮುಂಚೆ ಪಕ್ಕದ ಮರನೋ ಪಂಪ್‌ಸೆಟ್ ಮನೆನೋ ಕಾಣೋ ಹಂಗೆ ಫೋಟೋ ತೆಗೆದು ಅವತ್ತೇ ಫೋನ್ ಮಾಡಿ, ಕಂಪ್ಲೇಂಟ್ ನಂಬರ್ ಬರ್ಕೊಳ್ಳಿ.