ಗೋಡೆ ಬಿಟ್ಟು ಎರಡಡಿ ಮುಂದೆ ಬಂದ ಸ್ಪೀಕರ್

"ಮೃದಂಗದ ಎಡಭಾಗ ಎಲ್ಲಿ ಹೋಯ್ತೋ?" ನಾನು ಕಟ್ಟಿದ ಸ್ಪೀಕರ್‌ಗಳನ್ನು ಮೊದಲ ಸಲ ಕೇಳಿ ಅಪ್ಪ ಅಂದದ್ದು ಇಷ್ಟೇ. ಬಲಗೈಯ ನುಡಿಗಳೆಲ್ಲ ಉಗುರಿನಿಂದ ಗಾಜು ತಟ್ಟಿದಷ್ಟು ಸ್ಪಷ್ಟವಾಗಿದ್ದವು, ಎಡಗೈಯ ತಗ್ಗಿನ ನಾದ, ಗುಮ್ಕಿ ಮಾತ್ರ ಇರಲಿಲ್ಲ. ಹಾಡುವವರ 'ಸ'ಕಾರ ಕಿವಿಗೆ ಚುಚ್ಚುತ್ತಿತ್ತು. ಅಪ್ಪ ಐವತ್ತು ವರ್ಷ ಕಚೇರಿ ಕೇಳಿದವರು, ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ.

ವಿನ್ಯಾಸ ನನ್ನದಲ್ಲ. ತಗ್ಗಿನ ಸ್ವರಗಳಿಗೆ ಆರೂವರೆ ಇಂಚಿನ ಕಾಗದದ ಕೋನಿನ ವೂಫರ್, ಮೇಲಿನವಕ್ಕೆ ಒಂದು ಇಂಚಿನ ರೇಷ್ಮೆ ಡೋಮ್ ಟ್ವೀಟರ್, ಹದಿನೈದು ಲೀಟರ್ ಪೆಟ್ಟಿಗೆ, ಹಿಂಬದಿಯಲ್ಲಿ ಗಾಳಿಯಾಡುವ ಕೊಳವೆ, ಅಂದರೆ ಪೋರ್ಟ್. ತುಂಬ ಜನ ಕಟ್ಟಿ ಮೆಚ್ಚಿದ ನಕ್ಷೆ. ಆದರೆ ಕಟ್ಟುವಾಗ ನಾನು ಮೂರು ಕಡೆ ಕೈಯಾಡಿಸಿದ್ದೆ. ಹೇಳಿದ ಟ್ವೀಟರ್ ಸಿಗಲಿಲ್ಲವೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಕ್ಕ ಬೇರೊಂದನ್ನು ಹಾಕಿದೆ. ಐವತ್ತು ಮಿಲಿಮೀಟರ್ ಒಳವ್ಯಾಸದ ಪೋರ್ಟ್ ಬದಲು ಮನೆಯಲ್ಲೇ ಉಳಿದಿದ್ದ ಪಿವಿಸಿ ಪೈಪ್ ಕೂರಿಸಿದೆ. ಗೋಡೆಗೆ ಅಂಟಿದ ಕಪಾಟಿನಲ್ಲಿಡಲು ಮಾಡಿದ ವಿನ್ಯಾಸವನ್ನು ಹಾಲ್‌ನಲ್ಲಿ ಸ್ಟ್ಯಾಂಡಿನ ಮೇಲೆ, ಗೋಡೆಯಿಂದ ಎರಡಡಿ ಮುಂದೆ ಇಟ್ಟೆ. ಮೂರೂ ಸಣ್ಣ ವಿಷಯ ಅಂದುಕೊಂಡಿದ್ದೆ.

ಮೊದಲು ಮಾಡಿದ ತಪ್ಪೆಂದರೆ ಕಿವಿಯನ್ನೇ ನಂಬಿ ಟ್ವೀಟರಿನ ಸದ್ದು ತಗ್ಗಿಸುವ ರೆಸಿಸ್ಟರ್ ಬದಲಿಸುತ್ತಾ ಕೂತದ್ದು. ಒಂದು ತಿಂಗಳು ಹಾಗೇ ಹೋಯಿತು. ರಾತ್ರಿ ಚೆನ್ನಾಗಿದೆ ಅನ್ನಿಸಿದ್ದು ಬೆಳಿಗ್ಗೆ ಕೆಟ್ಟದಾಗಿ ಕೇಳುತ್ತಿತ್ತು. ಕೊನೆಗೆ ಅಳತೆಯ ಮೈಕ್ ಒಂದನ್ನು ಕೊಂಡು, ಉಚಿತವಾಗಿ ಸಿಗುವ ರೂಮ್ ಈಕ್ಯೂ ವಿಝಾರ್ಡ್ ತಂತ್ರಾಂಶ ಹಾಕಿಕೊಂಡೆ. ನಮ್ಮ ಹಾಲ್‌ನ ಎತ್ತರ ಹತ್ತಡಿ. ಸ್ಪೀಕರನ್ನು ಐದಡಿ ಎತ್ತರಕ್ಕೇರಿಸಿ, ಒಂದು ಮೀಟರ್ ದೂರದಲ್ಲಿ ಮೈಕ್ ಇಟ್ಟರೆ ನೇರ ದನಿ ಬಂದ ಮೇಲೆ ನೆಲದಿಂದಲೂ ತಾರಸಿಯಿಂದಲೂ ಪ್ರತಿಧ್ವನಿ ಬರಲು ಇನ್ನೂ ಆರು ಮಿಲಿಸೆಕೆಂಡ್ ಬೇಕು. ಆ ಆರು ಮಿಲಿಸೆಕೆಂಡನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಕತ್ತರಿಸಿದರೆ, ಸುಮಾರು 160 ಹರ್ಟ್ಸ್‌ನಿಂದ ಮೇಲಕ್ಕೆ ಕೋಣೆಯ ಹಂಗಿಲ್ಲದ ಸ್ಪೀಕರ್ ಮಾತ್ರ ಕಾಣಿಸುತ್ತದೆ. ಬೀದಿಯ ಸದ್ದಡಗಿದ ಮೇಲೆ, ಫ್ಯಾನ್ ನಿಲ್ಲಿಸಿ, ಫ್ರಿಜ್ ಆಫ್ ಮಾಡಿ ಅಳೆದೆ. ಪರದೆಯ ಮೇಲೆ ಮೂಡಿದ ಗೆರೆ ಅಪ್ಪನ ಮಾತನ್ನೇ ಹೇಳಿತು: ಕೆಳಗಿನ ಸ್ವರಗಳಿರುವ ಎಡಗಡೆ ತಗ್ಗು, ಮೇಲಿನವಿರುವ ಬಲಗಡೆ ಗುಡ್ಡ.

ತಗ್ಗಿಗೆ ಕಾರಣ ಪೆಟ್ಟಿಗೆಯ ಅಗಲ. ಮೇಲಿನ ಸ್ವರಗಳ ಅಲೆ ಚಿಕ್ಕದು, ಪೆಟ್ಟಿಗೆಯ ಮುಖಕ್ಕೆ ಬಡಿದು ಪೂರ್ತಿ ಮುಂದಕ್ಕೇ ಬರುತ್ತದೆ. ಕೆಳಗಿನ ಸ್ವರಗಳ ಉದ್ದನೆಯ ಅಲೆಗೆ ಆ ಮುಖ ಲೆಕ್ಕಕ್ಕಿಲ್ಲ, ಸುತ್ತಿಕೊಂಡು ಹಿಂದಕ್ಕೂ ಹರಡುತ್ತದೆ. ಬಯಲಿನಲ್ಲಿ ಈ ಎರಡರ ನಡುವೆ 6 ಡೆಸಿಬೆಲ್ ಅಂತರ ಬೀಳುತ್ತದೆ. 115ನ್ನು ಮೀಟರ್ ಲೆಕ್ಕದ ಅಗಲದಿಂದ ಭಾಗಿಸಿದರೆ ಆ ಮೆಟ್ಟಿಲಿನ ನಡುಭಾಗ ಎಲ್ಲಿದೆ ಅಂತ ಅಂದಾಜು ಸಿಗುತ್ತದೆ. ನನ್ನ ಪೆಟ್ಟಿಗೆ 21.6 ಸೆಂಟಿಮೀಟರ್, ಅಂದರೆ ಹೆಚ್ಚುಕಡಿಮೆ 530 ಹರ್ಟ್ಸ್. ಗೋಡೆಗೆ ಒರಗಿಸಿಟ್ಟಿದ್ದರೆ ಹಿಂದೆ ಹೋದದ್ದನ್ನು ಗೋಡೆಯೇ ವಾಪಸ್ ಕೊಡುತ್ತಿತ್ತು. ಮೂಲ ವಿನ್ಯಾಸಕಾರರು ಆ ಗೋಡೆಯನ್ನು ನಂಬಿಯೇ ಕ್ರಾಸ್‌ಓವರ್, ಅಂದರೆ ಸ್ವರಗಳನ್ನು ವೂಫರ್‌ಗೂ ಟ್ವೀಟರ್‌ಗೂ ಹಂಚುವ ಫಿಲ್ಟರ್, ಬರೆದಿದ್ದರು. ಗೋಡೆಯನ್ನು ಕಿತ್ತುಕೊಂಡವನು ನಾನು.

ಹಾಗಾಗಿ ವೂಫರ್‌ಗೆ ಸರಣಿಯಲ್ಲಿದ್ದ 1 ಮಿಲಿಹೆನ್ರಿ ಕಾಯಿಲನ್ನು ಹಂತಹಂತವಾಗಿ 1.8ಕ್ಕೆ ಏರಿಸಿದೆ. ಅಂಗಡಿಯಲ್ಲಿ ಆ ಅಳತೆಯದು ಸಿಗಲಿಲ್ಲ. ನಮ್ಮ ಬೀದಿಯ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ 18 ಗೇಜಿನ ಎನಾಮಲ್ ತಾಮ್ರದ ತಂತಿ ತೂಕಕ್ಕೆ ಕೊಂಡು, ಮರದ ಬಾಬಿನ್ ಮೇಲೆ ನಾನೇ ಸುತ್ತಿದೆ. ಸ್ವಲ್ಪ ಹೆಚ್ಚೇ ಸುತ್ತಿ, ಕಾಯಿಲ್ ಅಳೆಯುವ ಎಲ್‌ಸಿಆರ್ ಮೀಟರ್ ನೋಡುತ್ತಾ ಒಂದೊಂದೇ ಸುತ್ತು ಬಿಚ್ಚುತ್ತಾ ಬರುವುದು ಸುಲಭ. ಕೆಪಾಸಿಟರ್‌ಗೆ ಸೀಲಿಂಗ್ ಫ್ಯಾನಿನವೇ ಸಾಕಾದವು. ಅವು ಮೆಟಲೈಸ್ಡ್ ಪಾಲಿಪ್ರೊಪಿಲೀನ್, ಈ ಕೆಲಸಕ್ಕೆ ಬೇಕಾದ ಜಾತಿಯವೇ. 4 ಮತ್ತು 2.5 ಮೈಕ್ರೋಫ್ಯಾರಡ್‌ಗಳನ್ನು ಸಮಾಂತರವಾಗಿ ಜೋಡಿಸಿ 6.5 ಮಾಡಿಕೊಂಡೆ. ಆರೂ ಡೆಸಿಬೆಲ್ ಸರಿದೂಗಿಸಲು ಹೋಗಲಿಲ್ಲ, ಮೂರಕ್ಕೆ ನಿಲ್ಲಿಸಿದೆ. ಎರಡಡಿ ಹಿಂದಿರುವ ಗೋಡೆಯೂ ಕೋಣೆಯೂ ಒಂದಷ್ಟನ್ನು ಕೊಡುತ್ತವೆ. ಪೂರ್ತಿ ಸರಿದೂಗಿಸಿದಾಗ ಹಾಡುವವರಿಗೆ ನೆಗಡಿಯಾದ ಹಾಗಿತ್ತು.

ಇದಕ್ಕೆ ಬೆಲೆ ತೆರಲೇಬೇಕು. ಕಾಯಿಲ್ ತಗ್ಗಿನ ಸ್ವರಗಳನ್ನು ಎತ್ತುವುದಿಲ್ಲ, ಮಿಕ್ಕವನ್ನು ಇಳಿಸುತ್ತದೆ. 3 ಡೆಸಿಬೆಲ್ ಇಳಿದರೆ ಮೊದಲಿನಷ್ಟೇ ಜೋರಿಗೆ ಆಂಪ್ಲಿಫೈಯರ್ ಎರಡರಷ್ಟು ಶಕ್ತಿ ಕೊಡಬೇಕು. ಟ್ವೀಟರನ್ನೂ ಅಷ್ಟೇ ಇಳಿಸಬೇಕು. ನಾನು ತಂದ ಟ್ವೀಟರ್ ಮೂಲದ್ದಕ್ಕಿಂತ ಆಗಲೇ 3 ಡೆಸಿಬೆಲ್ ಜೋರಾಗಿತ್ತು, 'ಸ'ಕಾರ ಚುಚ್ಚುತ್ತಿದ್ದುದು ಅದಕ್ಕೇ. ಒಟ್ಟು 6. ಟ್ವೀಟರ್‌ಗೆ ಸರಣಿಯಲ್ಲಿ 3.9 ಓಮ್, ಸಮಾಂತರವಾಗಿ 8.2 ಓಮ್, ಎರಡೂ ಹತ್ತು ವ್ಯಾಟ್‌ನ ಸಿಮೆಂಟ್ ರೆಸಿಸ್ಟರ್. ಹೀಗೆ ಜೋಡಿಯಾಗಿ ಹಾಕಿದರೆ ಸದ್ದು ಇಳಿದರೂ ಫಿಲ್ಟರ್‌ಗೆ ಎದುರಾಗುವುದು ಹೆಚ್ಚುಕಡಿಮೆ ಅದೇ 8 ಓಮ್. ನಾನು ಮೊದಲ ತಿಂಗಳು ಬರೀ ಸರಣಿ ರೆಸಿಸ್ಟರ್ ಬದಲಿಸುತ್ತಿದ್ದೆ. ಪ್ರತಿ ಸಲವೂ ಕ್ರಾಸ್‌ಓವರ್ ಬಿಂದುವೇ ಜಾರುತ್ತಿತ್ತು ಅಂತ ಆಗ ಗೊತ್ತಿರಲಿಲ್ಲ.

ಪೋರ್ಟ್‌ನ ತಪ್ಪು ಸಿಕ್ಕಿದ್ದು ಇಂಪಿಡೆನ್ಸ್, ಅಂದರೆ ಒಂದೊಂದು ಸ್ವರಕ್ಕೂ ಸ್ಪೀಕರ್ ವಿದ್ಯುತ್ತಿಗೆ ಒಡ್ಡುವ ತಡೆ, ಅಳೆದಾಗ. ನೂರು ಓಮ್‌ನ ಒಂದು ರೆಸಿಸ್ಟರ್, ಲ್ಯಾಪ್‌ಟಾಪಿಗೆ ಒಂದು ಸೌಂಡ್ ಕಾರ್ಡ್ ಇದ್ದರೆ ಸಾಕು. ಪೋರ್ಟ್ ಇರುವ ಪೆಟ್ಟಿಗೆಯ ಗೆರೆಯಲ್ಲಿ ಒಂಟೆಯ ಬೆನ್ನಿನಂತೆ ಎರಡು ಗೂನು ಕಾಣುತ್ತವೆ. ನಡುವಿನ ಕಣಿವೆಯೇ ಪೆಟ್ಟಿಗೆಯ ಶ್ರುತಿ. ನೆವಿಲ್ ಥೀಲ್ 1961ರಲ್ಲಿ ಆಸ್ಟ್ರೇಲಿಯಾದಲ್ಲಿ ಶುರುಮಾಡಿ, 1970ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಬೆಳೆಸಿದ ಲೆಕ್ಕಗಳಿಂದಾಗಿ ಇವತ್ತು ನಮ್ಮಂಥವರೂ ಅಡುಗೆಮನೆಯ ಮೇಜಿನ ಮೇಲೆ ಇದನ್ನೆಲ್ಲ ಮಾಡಬಹುದು. ಕಣಿವೆ 42 ಹರ್ಟ್ಸ್‌ನಲ್ಲಿರಬೇಕಿತ್ತು, ಇದ್ದದ್ದು 48ರಲ್ಲಿ. ಸಿನಿಮಾ ಹಾಡುಗಳಲ್ಲಿ ಬೇಸ್ ಗಿಟಾರಿನ ಕೆಲವೇ ಸ್ವರ ಗುಡುಗುತ್ತಿದ್ದುದು ಅದರಿಂದ. ನನ್ನ ಪೈಪಿನ ಒಳವ್ಯಾಸ 58 ಮಿಲಿಮೀಟರ್. ಪೈಪ್ ಅಗಲವಾದರೆ ಉದ್ದವೂ ಹೆಚ್ಚಬೇಕು: ಹದಿನೆಂಟೂವರೆ ಸೆಂಟಿಮೀಟರ್ ಇದ್ದದ್ದು ಇಪ್ಪತ್ತೈದೂವರೆ ಆಗಬೇಕಿತ್ತು. ಪೆಟ್ಟಿಗೆಯ ಒಳ ಆಳವೇ 25. ಒಳಗೊಂದು ಎಲ್ಬೋ ಹಾಕಿ ಪೈಪನ್ನು ಮೇಲಕ್ಕೆ ತಿರುಗಿಸಿದೆ. ವೂಫರ್ ಬಿಚ್ಚಿದ್ದಾಗಲೇ ಪಕ್ಕದ ಹಲಗೆಗಳ ನಡುವೆ ಪ್ಲೈವುಡ್ ಪಟ್ಟಿಯೊಂದನ್ನು ಅಡ್ಡಕ್ಕೆ ಅಂಟಿಸಿದೆ. ಮೊದಲು ತಟ್ಟಿದರೆ ತಮಟೆ, ಈಗ ಕಲ್ಲು.

ಕೊನೆಯದು ವೂಫರ್ ಮತ್ತು ಟ್ವೀಟರ್ ಒಂದೇ ಹೆಜ್ಜೆ ಹಾಕುತ್ತಿವೆಯೇ ಅನ್ನುವುದು. ವೂಫರಿನ ದನಿ ಹುಟ್ಟುವ ಜಾಗ ಟ್ವೀಟರಿಗಿಂತ ಸುಮಾರು ಎರಡೂವರೆ ಸೆಂಟಿಮೀಟರ್ ಹಿಂದಿದೆ. ಎರಡೂ ಕೂಡುವ 2,300 ಹರ್ಟ್ಸ್‌ನಲ್ಲಿ ಅಲೆಯ ಉದ್ದ 15 ಸೆಂಟಿಮೀಟರ್, ಅಂದರೆ ಆರನೇ ಒಂದು ಪಾಲು ಹಿಂದೆ. ಪರೀಕ್ಷೆ ಸರಳ. ಟ್ವೀಟರಿನ ಎರಡು ತಂತಿ ಅದಲುಬದಲು ಮಾಡಿ ಅಳೆಯಬೇಕು; ಹೊಂದಾಣಿಕೆ ಚೆನ್ನಾಗಿದ್ದಷ್ಟೂ ಕೂಡುವ ಜಾಗದಲ್ಲಿ ಗುಂಡಿ ಆಳವಾಗುತ್ತದೆ. ಮೊದಲು 6 ಡೆಸಿಬೆಲ್ ಇತ್ತು. ಟ್ವೀಟರ್ ಕಡೆಯ ಕೆಪಾಸಿಟರ್, ಕಾಯಿಲ್ ಒಂದೊಂದನ್ನೇ ಬದಲಿಸುತ್ತಾ, ಪ್ರತಿ ಬದಲಾವಣೆಯನ್ನೂ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಹೋದೆ. ಹನ್ನೊಂದನೇ ಸಲಕ್ಕೆ 22 ಸಿಕ್ಕಿತು. ತಂತಿ ಮತ್ತೆ ಸರಿಯಾಗಿ ಜೋಡಿಸಿದ ಆ ರಾತ್ರಿ ಕೊಳಲು ಪೆಟ್ಟಿಗೆಯಿಂದ ಬಿಡಿಸಿಕೊಂಡು ಎರಡು ಸ್ಪೀಕರ್‌ಗಳ ನಡುವೆ ಬಂದು ನಿಂತಿತು. ಎದ್ದು ಹೋಗಿ ಮಲಗಲು ಮನಸ್ಸಾಗಲಿಲ್ಲ.

ಅಪ್ಪ ಮಾರನೇ ದಿನ ಮೃದಂಗದ ತನಿ ಆವರ್ತನ ಪೂರ್ತಿ ಕೇಳಿದರು, ಏನೂ ಹೇಳಲಿಲ್ಲ. ಮುಗಿದ ಮೇಲೆ ಇನ್ನೊಂದು ಸಲ ಹಾಕು ಅಂದರು. ಕ್ರಾಸ್‌ಓವರ್ ಇನ್ನೂ ಪೆಟ್ಟಿಗೆಯ ಹೊರಗೆ, ಹಲಗೆಯ ಮೇಲಿದೆ. ಕಾಯಿಲ್‌ಗಳನ್ನು ಒಂದಕ್ಕೊಂದು ಲಂಬವಾಗಿ ಕೂರಿಸುವ ಜಾಗ ಒಳಗೆಲ್ಲಿದೆ ಎಂದು ಅಳೆಯುತ್ತಿದ್ದೇನೆ.