ದೇವರಿದ್ದಾನೆ, ನಾನು ಕೈ ಮುಗಿಯಲ್ಲ

ಈ ಜಗತ್ತನ್ನು ಮಾಡಿದವನೊಬ್ಬ ಇದ್ದಾನೆ ಅಂತ ನಂಬುತ್ತೇನೆ. ಅವನಿಗೆ ಪೂಜೆ ಮಾಡುವುದಿಲ್ಲ. ಹೀಗಂದರೆ ಎರಡೂ ಕಡೆಯವರಿಗೆ ಸಮಾಧಾನವಿಲ್ಲ. ಸ್ಟಾಫ್ ರೂಮಿನ ನಾಸ್ತಿಕ ಗೆಳೆಯರು "ಅರ್ಧ ದಾರಿ ಬಂದಿದ್ದೀರಿ ಮೇಷ್ಟ್ರೇ, ಇನ್ನರ್ಧ ಬನ್ನಿ" ಅನ್ನುತ್ತಾರೆ. ಅಮ್ಮನ ವರಸೆಯೇ ಬೇರೆ.

"ದೇವರಿಲ್ಲ ಅಂತೀಯೇನೋ?"

"ಇದ್ದಾನಮ್ಮ."

"ಮತ್ತೆ ಕೈ ಮುಗಿಯೋಕೆ ಏನು ದಾಡಿ ನಿಂಗೆ?"

ನಂಬಿಕೆಯ ಮಾತು ಮೊದಲು ಮುಗಿಸಿಬಿಡುತ್ತೇನೆ. ಮಡಕೆ ಇದೆ ಅಂದರೆ ಕುಂಬಾರ ಇರಲೇಬೇಕು ಅನ್ನುವುದು ನ್ಯಾಯದರ್ಶನ ಅನ್ನುವ ತರ್ಕಪಂಥದವರ ಹಳೇ ವಾದ. ಸುಮಾರು 10ನೇ ಶತಮಾನದಲ್ಲಿ ಮಿಥಿಲೆಯ ಉದಯನಾಚಾರ್ಯ ಇಂಥ ವಾದಗಳನ್ನೇ ಹಿಡಿದು ಬೌದ್ಧರನ್ನು ಎದುರಿಸಿದ. ಅವನದೊಂದು ಕಥೆ ಇದೆ. ಪುರಿಗೆ ಹೋದಾಗ ಗುಡಿಯ ಬಾಗಿಲು ಮುಚ್ಚಿತ್ತಂತೆ. 'ಐಶ್ವರ್ಯದ ಮದವೇ ನಿನಗೆ? ಬೌದ್ಧರು ಬಂದರೆ ನೀನು ಉಳಿಯುವುದು ನನ್ನಿಂದ' ಅಂತ ಜಗನ್ನಾಥನನ್ನೇ ಗದರಿಸಿದನಂತೆ. ಈ ಮನುಷ್ಯ ನನಗೆ ಬಹಳ ಇಷ್ಟ. ವಾದದಲ್ಲಿ ತೂತುಗಳಿವೆ, ಗೊತ್ತು. ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡುವವನು ನಾನು. ಒಂದು ಜೀವಿ ಇನ್ನೊಂದಾಗಲು ಕುಂಬಾರ ಬೇಕಿಲ್ಲ. ಆದರೆ ಮಣ್ಣೇ ಯಾಕಿದೆ, ಮಣ್ಣಿಗೊಂದು ಗುಣ ಯಾಕಿದೆ ಅಂತ ಯೋಚಿಸಿದಾಗೆಲ್ಲ ಮನಸ್ಸು ಮಾಡಿದವನ ಕಡೆಗೇ ವಾಲುತ್ತದೆ.

ಪೂಜೆ ಬಿಟ್ಟದ್ದಕ್ಕೆ ಕಾರಣ ಒಂದು ಹುಳ.

ಶ್ರಾವಣದಲ್ಲಿ ನಮ್ಮೂರ ಮಠದಲ್ಲಿ ಪ್ರವಚನ ಇರುತ್ತದೆ. ಕೀಟ-ಭ್ರಮರ ನ್ಯಾಯವನ್ನು ಅಲ್ಲೇ ಕೇಳಿದ್ದು. ಕಣಜದ ಹುಳ ಒಂದು ಕೀಟವನ್ನು ಹಿಡಿದು ತಂದು ಗೂಡಿನಲ್ಲಿಟ್ಟು ಕುಟುಕುತ್ತದೆ. ಕೀಟ ಹೆದರಿ, ಹಗಲೂ ರಾತ್ರಿ ಕಣಜವನ್ನೇ ಧ್ಯಾನಿಸಿ, ಕೊನೆಗೆ ತಾನೇ ಕಣಜವಾಗಿ ಹಾರಿಹೋಗುತ್ತದೆ. ಭಕ್ತನೂ ಹಾಗೇ, ಶಿವನನ್ನು ನೆನೆನೆನೆದು ಶಿವನೇ ಆಗುತ್ತಾನೆ. ಮೈ ಜುಮ್ಮೆನ್ನುವ ಮಾತು, ಅಲ್ವಾ?

ಒಮ್ಮೆ ಲ್ಯಾಬಿನ ಕಿಟಕಿಗೆ ಅಂಟಿಕೊಂಡಿದ್ದ ಗೂಡೊಂದನ್ನು ಬ್ಲೇಡಿನಿಂದ ಮೆಲ್ಲಗೆ ಎಬ್ಬಿಸಿದೆ. ಅಡಿಕೆ ಗಾತ್ರದ ಮಣ್ಣಿನ ಗಡಿಗೆ. ಒಳಗೆ ಹಸಿರು ಹುಳಗಳನ್ನು ಒತ್ತೊತ್ತಾಗಿ ತುರುಕಿತ್ತು. ಸೂಜಿ ಮುಟ್ಟಿಸಿದೆ. ಒಂದರ ಕಾಲು ತುಸು ಅಲುಗಿತು. ಸತ್ತಿರಲಿಲ್ಲ. ಅವುಗಳ ಮಧ್ಯೆ ಬೆಳ್ಳಗಿನ ಕಣಜದ ಮರಿ, ಒಂದು ಹುಳದ ಪಕ್ಕೆಗೆ ಬಾಯಿ ಹಚ್ಚಿಕೊಂಡಿತ್ತು. ತಾಯಿ ಕಣಜ ಹುಳಗಳನ್ನು ಕುಟುಕಿ ಲಕ್ವ ಹೊಡೆಸಿ ತುಂಬಿರುತ್ತದೆ. ಕೊಂದರೆ ಕೊಳೆಯುತ್ತವೆ, ಅದಕ್ಕೇ ಕೊಲ್ಲುವುದಿಲ್ಲ. ಮರಿಗೆ ಕೊನೇವರೆಗೂ ತಾಜಾ ಊಟ. ಆಮೇಲೆ ಗೂಡು ಕೊರೆದು ಹಾರುವುದು ಆ ಮರಿ. ಕೀಟ ಕಣಜವಾಗಲಿಲ್ಲ, ಕಣಜದ ಹೊಟ್ಟೆಗೆ ಹೋಯಿತು. ಹೆದರಿ ಧ್ಯಾನ ಮಾಡಿತ್ತೋ ಏನೋ. ಮಾಡಿದ್ದರೂ ಏನು ಬಂತು?

ಇಂಥದೇ ಇನ್ನೊಂದು ಬಗೆಯ ಕಣಜ ಡಾರ್ವಿನ್‌ನನ್ನೂ ಕಾಡಿತ್ತು. ಬದುಕಿರುವ ಹುಳದೊಳಗೆ ಕೂತು ತಿನ್ನಲಿ ಅಂತಲೇ ದಯಾಮಯನಾದ ದೇವರು ಇವನ್ನು ಸೃಷ್ಟಿಸಿದ ಅಂತ ನಂಬಲು ತನ್ನಿಂದಾಗದು ಅಂತ 1860ರಲ್ಲಿ ಅಮೆರಿಕದ ಸಸ್ಯವಿಜ್ಞಾನಿ ಏಸಾ ಗ್ರೇಗೆ ಕಾಗದ ಬರೆದಿದ್ದ. ಅವನು ಸಂಶಯಪಟ್ಟದ್ದು ಸೃಷ್ಟಿಯ ಬಗ್ಗೆ. ನನಗೆ ಸಂಶಯ ಬಂದದ್ದು ದಯೆಯ ಬಗ್ಗೆ. ಮಾಡಿದ್ದಾನೆ, ಸರಿ. ಕೈಚಳಕಕ್ಕೆ ಭೇಷ್ ಅನ್ನಲೇಬೇಕು. ಅಷ್ಟಕ್ಕೇ ಅಡ್ಡಬೀಳಬೇಕು ಅಂತೇನಿದೆ?

ಹಾಗೆ ನೋಡಿದರೆ ನಮ್ಮ ಪುರಾಣಗಳಲ್ಲೂ ಸೃಷ್ಟಿಕರ್ತನಿಗೆ ಪೂಜೆ ಇಲ್ಲ. ಬ್ರಹ್ಮನ ಗುಡಿ ಎಲ್ಲಿದೆ ಅಂದರೆ ಜನ ಪುಷ್ಕರದ ಹೆಸರು ಹೇಳಿ ಸುಮ್ಮನಾಗುತ್ತಾರೆ. ಲಿಂಗದ ತುದಿ ಕಂಡೆ ಅಂತ ಸುಳ್ಳು ಹೇಳಿದ, ಕೇದಗೆ ಹೂವಿನಿಂದ ಸಾಕ್ಷಿ ಹೇಳಿಸಿದ, ಶಿವನ ಶಾಪ ತಗುಲಿತು. ಶಿವಪೂಜೆಗೆ ಕೇದಗೆ ಇಡದಿರುವುದೂ ಅದಕ್ಕೇ. ಅಮ್ಮನಿಗೆ ಇದನ್ನು ನೆನಪಿಸಿ, "ಹುಟ್ಟಿಸಿದವನಿಗೆ ನೀನೂ ಪೂಜೆ ಮಾಡಲ್ವಲ್ಲ" ಅಂದೆ. "ಕೊಂಕು ಮಾತಿಗೇನೂ ಕಮ್ಮಿ ಇಲ್ಲ" ಅಂದಳು.

ಯೋಚನೆ ಸುಲಭ. ಮನೆಯಲ್ಲಿ ನಡೆಸಿಕೊಂಡು ಹೋಗುವುದೇ ಜಾಸ್ತಿ ಕಷ್ಟ. ಮನುಷ್ಯರಿಗಾಗಿ ಮಾಡುವುದನ್ನೆಲ್ಲ ಮಾಡುತ್ತೇನೆ, ದೇವರಿಗಾಗಿ ಮಾಡುವುದನ್ನು ಬಿಡುತ್ತೇನೆ ಅಂತ ಒಂದು ಗೆರೆ ಹಾಕಿಕೊಂಡೆ. ಹಬ್ಬದ ಹಿಂದಿನ ದಿನ ಮಾರ್ಕೆಟ್ಟಿಗೆ ಹೋಗಿ ಚೌಕಾಸಿ ಮಾಡಿ ಸೇವಂತಿಗೆ, ಬಾಳೆಕಂದು, ಮಾವಿನ ಸೊಪ್ಪು ತರುವವನು ನಾನೇ. ತೋರಣ ಕಟ್ಟುತ್ತೇನೆ. ಆಯುಧಪೂಜೆಗೆ ಗಾಡಿ ತೊಳೆದುಕೊಡುತ್ತೇನೆ. ಮಂಗಳಾರತಿ ಹೊತ್ತಿಗೆ ಅಡುಗೆಮನೆಯಲ್ಲಿ ಊಟದ ಎಲೆ ಒರೆಸುತ್ತಿರುತ್ತೇನೆ. ಮೊದಮೊದಲು ಆರತಿ ತಟ್ಟೆ ನನ್ನ ಮುಂದೆ ಬಂದಾಗ ಬೇಡ ಅಂದರೆ ಎಲ್ಲರ ಮುಖ ಸಪ್ಪಗಾಗುತ್ತಿತ್ತು. ಈಗ ಹೆಂಡತಿಯೇ ನನ್ನನ್ನು ದಾಟಿಸಿ ಮುಂದಿನವರಿಗೆ ಹಿಡಿಯುತ್ತಾಳೆ. ಯಾರಾದರೂ ಸತ್ಯನಾರಾಯಣ ಪೂಜೆಗೆ ಕರೆದರೆ ಊಟದ ಹೊತ್ತಿಗೆ ಹೋಗುತ್ತೇನೆ. ಸಪಾದ ಬೇಡ ಅನ್ನುವಷ್ಟು ಕಟ್ಟುನಿಟ್ಟು ನನ್ನಲ್ಲಿಲ್ಲ. ಅಪ್ಪನ ತಿಥಿ ಬಿಟ್ಟಿಲ್ಲ, ಅದು ಅಪ್ಪನಿಗೆ. ಗೃಹಪ್ರವೇಶದಲ್ಲಿ ಮಾತ್ರ ದಂಪತಿ ಕೂರಲೇಬೇಕು ಅಂತ ಪುರೋಹಿತರು ಪಟ್ಟು ಹಿಡಿದರು. ತಮ್ಮನನ್ನೂ ಅವನ ಹೆಂಡತಿಯನ್ನೂ ಕೂರಿಸಿದೆವು. ಅದಾದ ಮೇಲೆ ನಮ್ಮನೆಯಲ್ಲಿ ಕೆಲವು ದಿನ ಮಾತುಕತೆ ಇರಲಿಲ್ಲ.

ಮಗಳಿಗೆ ಡೆಂಗಿ ಬಂದಾಗ ಈ ಗೆರೆ ಅಳಿಸಿಹೋಗುವುದರಲ್ಲಿತ್ತು. ಪ್ಲೇಟ್‌ಲೆಟ್ ಇಳಿಯುತ್ತಲೇ ಇತ್ತು. ಹೆಂಡತಿ ಹಳದಿ ಬಟ್ಟೆಯಲ್ಲಿ ಕಾಸು ಕಟ್ಟಿ ಮಂಜುನಾಥನಿಗೆ ಮುಡಿಪಿಟ್ಟಳು. ನನ್ನ ಬಾಯಿಗೂ ಬೇಡಿಕೆ ಬಂದಿತ್ತು. ತಡೆದೆ. ಹಟಕ್ಕಲ್ಲ. ಅದೇ ವಾರ್ಡಿನಲ್ಲಿ ಮುಡಿಪು ಕಟ್ಟಿದ ಮನೆಯವರು ಇನ್ನೂ ಇದ್ದರು. ನನ್ನ ಮಗಳನ್ನು ಮಾತ್ರ ನೋಡಿಕೋ ಅಂತ ಯಾವ ಮುಖದಲ್ಲಿ ಕೇಳಲಿ? ಅವಳು ಹುಷಾರಾದಳು. ಎಲ್ಲರ ಮಕ್ಕಳೂ ಮನೆಗೆ ಹೋಗಲಿಲ್ಲ.

ಹರಕೆ ತೀರಿಸಲು ಚಾರ್ಮಾಡಿ ಘಾಟಿಯಲ್ಲಿ ಕಾರು ಓಡಿಸಿದ್ದೂ ನಾನೇ. ಅವರೆಲ್ಲ ಧರ್ಮಸ್ಥಳದ ಕ್ಯೂನಲ್ಲಿ ನಿಂತರು, ನಾನು ರತ್ನಗಿರಿ ಹತ್ತಿ ಬಾಹುಬಲಿ ನೋಡಲು ಹೋದೆ. 39 ಅಡಿ ಎತ್ತರದ ಒಂದೇ ಕಲ್ಲಿನ ವಿಗ್ರಹ. ಕೆಳಗಿನ ಗುಡಿ ಶಿವನದು, ಅರ್ಚಕರು ಮಾಧ್ವ ಬ್ರಾಹ್ಮಣರು, ಆಡಳಿತ ಜೈನ ಹೆಗ್ಗಡೆ ಮನೆತನದ್ದು. ಜೈನಮತದಲ್ಲಿ ಜಗತ್ತನ್ನು ಮಾಡಿದವನೇ ಇಲ್ಲ, ಆದರೂ ಪೂಜೆ ಇದೆ. ನನ್ನದು ಪೂರ್ತಿ ತಿರುಗುಮುರುಗು. ಬಾಹುಬಲಿಗೆ ಅಭಿಷೇಕ ಮಾಡುವುದು ಅವನು ಯಾರನ್ನೋ ಹುಟ್ಟಿಸಿದ ಅಂತಲ್ಲ. ಅಣ್ಣ ಭರತನನ್ನು ಸೋಲಿಸಿಯೂ ಗೆದ್ದ ರಾಜ್ಯವನ್ನು ಬಿಟ್ಟು ಹೊರಟ ಅಂತ. ಅದು ನನಗೆ ಅರ್ಥವಾಗುವ ಪೂಜೆ. ಕೈ ಮುಗಿಯಬೇಕು ಅನ್ನಿಸಿದ್ದು ಅಲ್ಲಿ ಮಾತ್ರ. ಮುಗಿಯಲಿಲ್ಲ, ಅಭ್ಯಾಸ ತಪ್ಪಿಹೋಗಿತ್ತು.

ಮಗಳು ಈಗ ಡಿಗ್ರಿ ಓದುತ್ತಿದ್ದಾಳೆ. ಪರೀಕ್ಷೆ ದಿನ ದೇವರ ಮನೆಗೆ ಹೋಗಿಬಂದು "ಅಪ್ಪಾ, ನಿನ್ನ ಪರವಾಗಿಯೂ ಒಂದು ನಮಸ್ಕಾರ ಹಾಕಿದೆ" ಅಂತ ರೇಗಿಸುತ್ತಾಳೆ. ನಿನ್ನದು ನೀನು ಎಷ್ಟು ಬೇಕಾದರೂ ಹಾಕು, ನನ್ನ ಲೆಕ್ಕದಲ್ಲಿ ಮಾತ್ರ ಹಾಕಬೇಡ ಅಂದಿದ್ದೇನೆ.